ಗಾಲ್ಫ್ ಕಾರ್ಟ್ ದಿಬ್ಬ ಏರುತ್ತಿಲ್ಲ: ಇಂಜಿನ್ ಬದಲಿಸುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ನಾವು ಹಾಸನದವರು, ಹನ್ನೊಂದು ವರ್ಷಗಳಿಂದ ಅಮೆರಿಕದ ಜಾರ್ಜಿಯಾ ರಾಜ್ಯದ ಪೀಚ್‌ಟ್ರೀ ಸಿಟಿಯಲ್ಲಿದ್ದೇವೆ. ಕಳೆದ ವರ್ಷ ನೆರೆಮನೆಯವರಿಂದ ಕ್ಲಬ್ ಕಾರ್ ಕಂಪನಿಯ 1998ರ ಡಿಎಸ್ ಮಾದರಿಯ ಪೆಟ್ರೋಲ್ ಗಾಲ್ಫ್ ಕಾರ್ಟ್ ಕೊಂಡೆವು. ಆಗ ಚೆನ್ನಾಗಿಯೇ ಓಡುತ್ತಿತ್ತು. ಮಗನ ಆಸೆಗೆಂದು ಗಾಡಿಯನ್ನು ಎತ್ತರಿಸುವ 6 ಇಂಚಿನ ಲಿಫ್ಟ್ ಕಿಟ್, 22 ಇಂಚಿನ ದಪ್ಪ ಹಲ್ಲಿನ ಟೈರು, ಹಿಂದೆ ಇಬ್ಬರು ಕೂರುವ ಸೀಟು ಹಾಕಿಸಿದೆವು. ಚಳಿಗಾಲದಲ್ಲಿ ಮೂರು ತಿಂಗಳು ಗ್ಯಾರೇಜಿನಲ್ಲಿಯೇ ನಿಂತಿತ್ತು. ಈಗ ಸಪಾಟು ದಾರಿಯಲ್ಲಿ ತೊಂದರೆಯಿಲ್ಲ. ಆದರೆ ರಸ್ತೆಯಡಿಯ ಸುರಂಗ ದಾಟಿ ಮೇಲೇರುವಾಗ ನಾಲ್ವರು ಕುಳಿತಿದ್ದರೆ ಗಾಡಿ ನಡೆದು ಹೋಗುವವರ ವೇಗಕ್ಕೆ ಇಳಿಯುತ್ತದೆ. ಒಬ್ಬ ಮೆಕ್ಯಾನಿಕ್ ಇಂಜಿನ್ ಮುಗಿದಿದೆ, ಬದಲಿಸಿ ಎಂದರು. ಮಗನ ಸ್ನೇಹಿತರು ವೇಗಕ್ಕೆ ಮಿತಿ ಹಾಕುವ ಗವರ್ನರ್ ಬಿಚ್ಚಿದರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ಪ್ರೀಮಿಯಂ ಪೆಟ್ರೋಲ್ ಹಾಕಿ ಎಂದರು. ಮಗ ಇದರಲ್ಲೇ ಶಾಲೆಗೆ ಹೋಗುತ್ತಾನೆ. ಹಳೆಯ ಇಂಜಿನ್‌ಗೆ ಶಕ್ತಿ ಹೆಚ್ಚಿಸುವ ದಾರಿ ಯಾವುದು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಎರಡು ಮಾತು. ಕೊಂಡಾಗ ಗಾಡಿ ಚೆನ್ನಾಗಿ ಓಡುತ್ತಿತ್ತು, ಮತ್ತು ಈಗಲೂ ಸಪಾಟು ದಾರಿಯಲ್ಲಿ ತೊಂದರೆಯಿಲ್ಲ. ಸವೆದು ಹೋದ ಇಂಜಿನ್ ಒಂದು ವರ್ಷದ ಹಿಂದೆ ಚೆನ್ನಾಗಿದ್ದು ಈಗ ದಿಬ್ಬದಲ್ಲಿ ಮಾತ್ರ ಸೋಲುವುದು ಅಪರೂಪ. ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿಕೊಳ್ಳೋಣ. ಇದ್ದ ಶಕ್ತಿ ಎಲ್ಲಿ ಹೋಯಿತು? ಅದು ತಿಳಿದ ಮೇಲೆ ಹೊಸದಾಗಿ ಎಷ್ಟು ಸೇರಿಸಬೇಕು ಎಂಬುದನ್ನು ನೋಡಬಹುದು. ಜಾರ್ಜಿಯಾದ ವರ್ಕ್‌ಶಾಪುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಇಂಥ ಸಣ್ಣ ಇಂಜಿನ್‌ಗಳನ್ನು ಬಿಚ್ಚಿ ಜೋಡಿಸಿದ್ದೇನೆ. ‘ಪಿಕಪ್ ಇಲ್ಲ’ ಎಂದು ಬಂದ ಗಾಡಿಗಳಲ್ಲಿ ನಿಜಕ್ಕೂ ಇಂಜಿನ್ ಸತ್ತಿದ್ದವು ಕೆಲವೇ.

ಕರ್ನಾಟಕದಲ್ಲಿರುವ ಓದುಗರಿಗಾಗಿ ಒಂದು ಮಾತು. ಪೀಚ್‌ಟ್ರೀ ಸಿಟಿ ಅಟ್ಲಾಂಟಾದ ದಕ್ಷಿಣಕ್ಕಿರುವ ಊರು. ಅಲ್ಲಿ ಕಾರು ರಸ್ತೆಗಳಿಂದ ಬೇರೆಯಾಗಿ ಮರಗಳ ನಡುವೆ ಸುಮಾರು ನೂರು ಮೈಲಿಯಷ್ಟು ಕಿರುದಾರಿಗಳಿವೆ. ಜನ ದಿನಸಿಗೆ, ಗ್ರಂಥಾಲಯಕ್ಕೆ, ಮಕ್ಕಳು ಶಾಲೆಗೆ ಗಾಲ್ಫ್ ಕಾರ್ಟಿನಲ್ಲೇ ಹೋಗುತ್ತಾರೆ. ಅಲ್ಲಿ ಅದು ಆಟದ ಗಾಡಿಯಲ್ಲ, ನಮ್ಮಲ್ಲಿ ಮನೆಗೊಂದು ಸ್ಕೂಟರ್ ಇದ್ದಂತೆ.

ನಿಮ್ಮ ಗಾಡಿಯ ಇಂಜಿನ್ ಕವಾಸಾಕಿಯ ಎಫ್‌ಇ 290. ಒಂದೇ ಸಿಲಿಂಡರ್, 286 ಸಿಸಿ, ಹೊಸದಿದ್ದಾಗ ಸುಮಾರು 9 ಅಶ್ವಶಕ್ತಿ. ಗಟ್ಟಿ ಇಂಜಿನ್. ಎಣ್ಣೆ ಸರಿಯಾಗಿ ಬದಲಿಸುತ್ತ ಬಂದವರ ಬಳಿ ಇಪ್ಪತ್ತೈದು ವರ್ಷ ದಾಟಿಯೂ ದುಡಿಯುವುದನ್ನು ನೋಡಿದ್ದೇನೆ. ಡಿಎಸ್‌ನ ಚೌಕಟ್ಟು ಅಲ್ಯುಮಿನಿಯಂನದಾದ್ದರಿಂದ ತುಕ್ಕು ಹಿಡಿದು ಗಾಡಿಯೇ ಹಾಳಾಗುವ ಭಯವೂ ಕಡಿಮೆ. ಹಾಗಾಗಿ ಅದನ್ನು ಉಳಿಸಿಕೊಳ್ಳುವುದಕ್ಕೆ ಶ್ರಮ ಹಾಕಿದರೆ ವ್ಯರ್ಥವಾಗುವುದಿಲ್ಲ.

ಈಗ ಟೈರಿನ ವಿಷಯ. ಈ ಗಾಡಿಗೆ ಕಂಪನಿ ಹಾಕಿ ಕಳುಹಿಸುತ್ತಿದ್ದ ಟೈರಿನ ವ್ಯಾಸ 18 ಇಂಚು. ನೀವು 22 ಹಾಕಿದ್ದೀರಿ. ಆಕ್ಸಲ್ ಒಂದು ಸುತ್ತು ತಿರುಗಿದರೆ ಗಾಡಿ ಈಗ ಶೇ 22ರಷ್ಟು ಹೆಚ್ಚು ದೂರ ಹೋಗುತ್ತದೆ. ವೇಗ ಸಿಕ್ಕಿತಲ್ಲ ಎಂದು ಸಂತೋಷವಾಗುತ್ತದೆ, ಆದರೆ ಅದೇ ಲೆಕ್ಕದಲ್ಲಿ ನೆಲವನ್ನು ಹಿಂದಕ್ಕೆ ಒತ್ತುವ ಬಲ ಶೇ 18ರಷ್ಟು ಇಳಿಯುತ್ತದೆ. ಗೇರ್ ಇರುವ ಸೈಕಲ್ಲಿನಲ್ಲಿ ಇಳಿಜಾರಿಗೆ ಹಾಕಿದ ಗೇರನ್ನು ಬದಲಿಸದೆ ಘಾಟಿ ಏರಲು ಹೊರಟಂತೆ. ತುಳಿಯುವವನು ಅವನೇ, ಕಾಲಿನ ಕಸುವೂ ಅಷ್ಟೇ, ಆದರೂ ಪೆಡಲ್ ತಿರುಗುವುದಿಲ್ಲ. ಇದರ ಮೇಲೆ ದಪ್ಪ ಹಲ್ಲಿನ ಟೈರು ಡಾಂಬರು ದಾರಿಯಲ್ಲಿ ಸುಮ್ಮನೆ ಶಕ್ತಿ ತಿನ್ನುತ್ತದೆ. ಗಾಳಿ ಕಡಿಮೆಯಿದ್ದರೆ ಇನ್ನಷ್ಟು. ಲಿಫ್ಟ್ ಕಿಟ್ಟಿನ ಕಬ್ಬಿಣ, ಹಿಂದಿನ ಸೀಟು, ಅದರ ಮೇಲೆ ಕೂರುವ ಇಬ್ಬರು, ಎಲ್ಲವೂ ಅದೇ ಇಂಜಿನ್ನಿನ ಹೆಗಲಿಗೆ ಬಿದ್ದಿವೆ.

ನಾಲ್ವರು ಕುಳಿತು ದಿಬ್ಬ ಏರಲು ಎಷ್ಟು ಶಕ್ತಿ ಬೇಕು ಎಂದು ಒಮ್ಮೆ ಲೆಕ್ಕ ಹಾಕೋಣ. ಕಿಟ್ಟು, ಟೈರು, ಸೀಟು ಸೇರಿ ಗಾಡಿ 400 ಕೆ.ಜಿ., ನಾಲ್ವರ ತೂಕ 300 ಕೆ.ಜಿ. ಎಂದಿಟ್ಟುಕೊಳ್ಳಿ. ಹತ್ತು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವ ದಾರಿಯಲ್ಲಿ ಗಂಟೆಗೆ 15 ಮೈಲಿ ವೇಗ ಉಳಿಸಿಕೊಳ್ಳಲು ಚಕ್ರದ ಬಳಿ ಸುಮಾರು ಏಳೂವರೆ ಅಶ್ವಶಕ್ತಿ ಬೇಕು. ಬೆಲ್ಟು, ಗೇರುಗಳಲ್ಲಿ ಐದನೇ ಒಂದು ಭಾಗ ಕಳೆದುಹೋಗುತ್ತದೆ ಎಂದುಕೊಂಡರೆ ಇಂಜಿನ್ ಕೊಡಬೇಕಾದದ್ದು 9ಕ್ಕಿಂತ ತುಸು ಹೆಚ್ಚು. ಅಂದರೆ ಕಾರ್ಖಾನೆಯಿಂದ ನಿನ್ನೆ ಬಂದ ಇಂಜಿನ್ನಿಗೂ ಅದು ಸಾಧ್ಯವಿಲ್ಲ. ಅದೇ ದಿಬ್ಬವನ್ನು 10 ಮೈಲಿ ವೇಗದಲ್ಲಿ ಏರಲು ಆರು ಅಶ್ವಶಕ್ತಿ ಚಿಲ್ಲರೆ ಸಾಕು. ಒಬ್ಬರೇ ಇದ್ದರೆ 15 ಮೈಲಿ ವೇಗಕ್ಕೂ ಸರಿಸುಮಾರು ಅಷ್ಟೇ ಸಾಕು. ಹಾಗಾಗಿ ನಾಲ್ವರೊಂದಿಗೆ 9–10 ಮೈಲಿ ವೇಗದಲ್ಲಿ ದಿಬ್ಬ ಏರಿದರೆ ನಿಮ್ಮ ಇಂಜಿನ್ ತನ್ನ ಕೆಲಸ ಮಾಡುತ್ತಿದೆ ಎಂದೇ ತಿಳಿಯಿರಿ. ನಡಿಗೆಯ ವೇಗಕ್ಕೆ, ಅಂದರೆ 3–4 ಮೈಲಿಗೆ, ಇಳಿಯುತ್ತಿದೆ ಎಂದರೆ ಟೈರಿನ ಜೊತೆಗೆ ಇನ್ನೇನೋ ಇದೆ. ಅದನ್ನು ಹುಡುಕಬೇಕು.

ಹುಡುಕುವ ಮೊದಲು ಗವರ್ನರ್ ವಿಷಯವನ್ನು ಮುಗಿಸಿಬಿಡುತ್ತೇನೆ. ಇದರ ಬಗ್ಗೆ ಇರುವಷ್ಟು ತಪ್ಪು ಕಲ್ಪನೆ ಈ ಗಾಡಿಗಳ ಬೇರೆ ಯಾವ ಭಾಗದ ಬಗ್ಗೆಯೂ ಇಲ್ಲ. ನಿಮ್ಮ ಗಾಡಿಯ ಗವರ್ನರ್ ಹಿಂದಿನ ಆಕ್ಸಲ್ ಪೆಟ್ಟಿಗೆಯಲ್ಲಿದೆ. ಅದು ಅಳೆಯುವುದು ಗಾಡಿ ಎಷ್ಟು ವೇಗವಾಗಿ ಹೋಗುತ್ತಿದೆ ಎಂಬುದನ್ನು. ನಿಗದಿಯಾದ ವೇಗ ಮುಟ್ಟಿದಾಗ ಒಂದು ಕೇಬಲ್ ಮೂಲಕ, ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್‌ನ ಬಾಗಿಲನ್ನು ಮುಚ್ಚುತ್ತ ಬರುತ್ತದೆ. ದಿಬ್ಬದಲ್ಲಿ ನಿಮ್ಮ ಗಾಡಿ ಆ ವೇಗದ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಾಗಿ ಅಲ್ಲಿ ಗವರ್ನರ್ ಏನನ್ನೂ ತಡೆಯುತ್ತಿರುವುದಿಲ್ಲ, ಬಾಗಿಲು ಪೂರ್ತಿ ತೆರೆದೇ ಇರಬೇಕು. ಗವರ್ನರ್ ಬಿಚ್ಚಿದರೆ ಏರಿನಲ್ಲಿ ಒಂದು ತೂಕದ ಎಳೆತವೂ ಸೇರುವುದಿಲ್ಲ. ಸಪಾಟಿನಲ್ಲಿ ಮತ್ತು ಇಳಿಜಾರಿನಲ್ಲಿ ವೇಗ ಹೆಚ್ಚುತ್ತದೆ, ಅಷ್ಟೇ.

ಆ ವೇಗ ಏನು ಮಾಡುತ್ತದೆ ಎಂಬುದನ್ನು ನಿಮ್ಮ ಮಗನಿಗೆ ಕೂರಿಸಿ ಹೇಳಿ. ಈ ಗಾಡಿಗೆ ಬ್ರೇಕ್ ಇರುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ, ಅದೂ ಕೇಬಲ್ಲಿನಿಂದ ಎಳೆಯುವ ಡ್ರಮ್ ಬ್ರೇಕ್. ವೇಗ 15 ಮೈಲಿಯಿಂದ 25ಕ್ಕೆ ಏರಿದರೆ ನಿಲ್ಲಲು ಬೇಕಾದ ದೂರ ಸುಮಾರು ಎರಡೂ ಮುಕ್ಕಾಲು ಪಟ್ಟು ಆಗುತ್ತದೆ. ಆರು ಇಂಚು ಲಿಫ್ಟ್ ಮತ್ತು ದೊಡ್ಡ ಟೈರಿನಿಂದ ಎರಡು ಇಂಚು, ಒಟ್ಟು ಎಂಟು ಇಂಚು ಎತ್ತರ ಕುಳಿತಿದ್ದೀರಿ. ಹಿಂದಿನ ಸೀಟಿನವರು ಹಿಂದಕ್ಕೆ ಮುಖ ಮಾಡಿ, ಬೆಲ್ಟಿಲ್ಲದೆ ಕೂತಿರುತ್ತಾರೆ. ತಿರುವಿನಲ್ಲಿ ಇಂಥ ಗಾಡಿ ಮಗುಚಲು ಹೆಚ್ಚು ಹೊತ್ತು ಬೇಕಿಲ್ಲ. ನನ್ನ ಬಳಿಗೆ ಒಮ್ಮೆ ಮೇಲ್ಛಾವಣಿ ನಜ್ಜುಗುಜ್ಜಾದ ಗಾಡಿಯೊಂದು ಟ್ರೇಲರಿನಲ್ಲಿ ಬಂತು. ಗವರ್ನರ್ ಕೇಬಲ್ಲನ್ನು ಕಟ್ಟುವ ಪಟ್ಟಿಯಿಂದ ಹಿಂದಕ್ಕೆ ಬಿಗಿದಿದ್ದರು. ಓಡಿಸುತ್ತಿದ್ದ ಹುಡುಗನಿಗೆ ತೋಳಿನ ಮೂಳೆ ಮುರಿದಿತ್ತು, ಹಿಂದೆ ಕೂತಿದ್ದ ಅವನ ತಂಗಿಗೆ ತಲೆಗೆ ಹೊಲಿಗೆ ಬಿದ್ದಿತ್ತು. ಅವರ ತಂದೆ ಗಾಡಿಯ ಪಕ್ಕ ನಿಂತು ಆ ಪಟ್ಟಿಯನ್ನೇ ನೋಡುತ್ತಿದ್ದರು. ಅಂದಿನಿಂದ ನಾನು ಆ ಕೆಲಸವನ್ನು ಯಾರು ಕೇಳಿದರೂ ಮಾಡಿಕೊಟ್ಟಿಲ್ಲ.

ಕಾನೂನೂ ಇದೆ. ಜಾರ್ಜಿಯಾದಲ್ಲಿ ಕಾರ್ಟನ್ನು ಕಾರ್ಟ್ ಎಂದು ಪರಿಗಣಿಸುವುದು ಸಪಾಟು ನೆಲದಲ್ಲಿ ಅದರ ಗರಿಷ್ಠ ವೇಗ 20 ಮೈಲಿಗಿಂತ ಕಡಿಮೆ ಇದ್ದಾಗ ಮಾತ್ರ. ಅದನ್ನು ದಾಟಿ 25 ಮೈಲಿವರೆಗೆ ಓಡುವ ಗಾಡಿಗೆ 1998ರಿಂದ ಕೇಂದ್ರ ಸರ್ಕಾರದ ಬೇರೆಯೇ ನಿಯಮವಿದೆ: ಸೀಟ್ ಬೆಲ್ಟು, ದೀಪ, ಕನ್ನಡಿ, ಮುಂದಿನ ಗಾಜು, ವಾಹನ ಗುರುತಿನ ಸಂಖ್ಯೆ ಎಲ್ಲವೂ ಬೇಕು. ನೀವು ಟೈರು ಬದಲಿಸಿದ ಮೇಲೆ 15 ಮೈಲಿಗೆ ಹೊಂದಿಸಿದ್ದ ಗವರ್ನರ್ ಈಗಾಗಲೇ ನಿಮಗೆ 18 ಮೈಲಿ ಕೊಡುತ್ತಿದೆ, ಏಕೆಂದರೆ ಅದು ಎಣಿಸುವುದು ಆಕ್ಸಲ್ಲಿನ ಸುತ್ತನ್ನು. ಟೈರು ದೊಡ್ಡದಾದದ್ದು ಅದಕ್ಕೆ ಗೊತ್ತಿಲ್ಲ. ವೇಗ ಇನ್ನೂ ಹೆಚ್ಚುವಂತೆ ಅದನ್ನು ಹೊಂದಿಸಿದರೆ ಗಡಿ ದಾಟುತ್ತೀರಿ, ಮತ್ತು ಅಪಘಾತವಾದರೆ ವಿಮೆಯವರು ಮೊದಲು ನೋಡುವುದು ಅದನ್ನೇ.

ಆದರೆ ಗವರ್ನರ್ ಕಡೆಯಿಂದ ನಿಜವಾದ ದೋಷ ಒಂದು ಬರಬಹುದು. ಕೇಬಲ್ ತುಕ್ಕು ಹಿಡಿದು ಅಥವಾ ಹೊಂದಾಣಿಕೆ ತಪ್ಪಿ, ಕಾರ್ಬ್ಯುರೇಟರ್ ಬಾಗಿಲು ಅರ್ಧವೇ ತೆರೆಯುತ್ತಿರಬಹುದು. ಕೀಲಿಯನ್ನು ಆಫ್ ಮಾಡಿ, ಒಬ್ಬರು ಪೆಡಲನ್ನು ಪೂರ್ತಿ ಒತ್ತಲಿ, ಇನ್ನೊಬ್ಬರು ಸೀಟು ಎತ್ತಿ ಕಾರ್ಬ್ಯುರೇಟರ್ ತೋಳು ಕೊನೆಯ ತನಕ ಹೋಗುತ್ತದೆಯೇ ನೋಡಲಿ. ಹೋಗದಿದ್ದರೆ ನಿಮ್ಮ ಕಾಣೆಯಾದ ಶಕ್ತಿಯ ದೊಡ್ಡ ಪಾಲು ಅಲ್ಲೇ ಸಿಕ್ಕಿತು. ಕೇಬಲ್ ಬದಲಿಸಿದರೆ ಮುಗಿಯಿತು.

ಪ್ರೀಮಿಯಂ ಪೆಟ್ರೋಲಿನ ಬಗ್ಗೆ ಚಿಕ್ಕದಾಗಿ. ಆಕ್ಟೇನ್ ಸಂಖ್ಯೆ ಎಂದರೆ ಪೆಟ್ರೋಲಿನಲ್ಲಿರುವ ಶಕ್ತಿಯಲ್ಲ. ಒತ್ತಡದಲ್ಲಿ ತಾನಾಗಿ ಹೊತ್ತಿಕೊಳ್ಳದೆ ತಾಳಿಕೊಳ್ಳುವ ಗುಣ. ನಿಮ್ಮ ಇಂಜಿನ್ನಿನ ಒತ್ತಡ ಕಡಿಮೆ. ಅಮೆರಿಕದ ಬಂಕಿನ 87 ಅದಕ್ಕೆ ಸಾಕು. ಊರಿನಲ್ಲಿ 91 ನೋಡಿ ಬಂದವರಿಗೆ 87 ಕಡಿಮೆ ದರ್ಜೆಯದೆನಿಸುತ್ತದೆ, ಆದರೆ ಅಳೆಯುವ ವಿಧಾನ ಬೇರೆ. ಎರಡೂ ಹೆಚ್ಚುಕಡಿಮೆ ಒಂದೇ. ದುಬಾರಿ ಪೆಟ್ರೋಲಿನಿಂದ ಈ ಇಂಜಿನ್ನಿಗೆ ಕೆಡುಕಿಲ್ಲ, ಲಾಭವೂ ಇಲ್ಲ. ಬಾಟಲಿಯಲ್ಲಿ ಮಾರುವ ‘ಶಕ್ತಿವರ್ಧಕ’ಗಳಿಗೂ ಇದೇ ಉತ್ತರ. ದೊಡ್ಡ ಗಾಳಿ ಫಿಲ್ಟರನ್ನು ಮಾತ್ರ ಹಾಕಿ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ಜೆಟ್ ಬದಲಿಸದಿದ್ದರೆ ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿ ಇಂಜಿನ್ ಬಿಸಿಯಾಗುತ್ತದೆ, ಎಳೆತ ಇನ್ನೂ ಕುಗ್ಗುತ್ತದೆ. ಅದು ಬೇಡ.

ಈಗ ಹುಡುಕಾಟಕ್ಕೆ ಬರೋಣ. ಅಳತೆ ಉಪಕರಣಗಳಿಗಿಂತ ಮೊದಲು ನಾನು ಬಳಸುವುದು ಕಿವಿಯನ್ನು. ಆ ದಿಬ್ಬದಲ್ಲಿ ನೀವೇ ಓಡಿಸಿ, ಯಾರೊಂದಿಗೂ ಮಾತನಾಡದೆ, ಇಂಜಿನ್ ಏನು ಹೇಳುತ್ತದೆ ಕೇಳಿ.

ಇಂಜಿನ್ ಜೋರಾಗಿ ಕೂಗುತ್ತಿದೆ, ಆದರೆ ಗಾಡಿ ಮುಂದೆ ಹೋಗುತ್ತಿಲ್ಲ ಎಂದಾದರೆ ಬೆಲ್ಟ್ ಜಾರುತ್ತಿದೆ. ಈ ಗಾಡಿಯ ಒಳಗಿರುವುದು ಆಕ್ಟಿವಾದಂಥ ಸ್ಕೂಟರಿನಲ್ಲಿರುವ ವ್ಯವಸ್ಥೆಯೇ: ಇಂಜಿನ್ನಿನ ಬಳಿ ಒಂದು ರಾಟೆ, ಆಕ್ಸಲ್ ಬಳಿ ಇನ್ನೊಂದು, ನಡುವೆ ಒಂದು ಅಗಲದ ಬೆಲ್ಟು. ರಾಟೆಗಳ ಎರಡು ತಟ್ಟೆಗಳು ಹತ್ತಿರ ಬಂದು ದೂರ ಸರಿಯುವುದರಿಂದ ಗೇರ್ ತಾನಾಗಿ ಬದಲಾಗುತ್ತದೆ. ಬೆಲ್ಟಿನ ಬದಿ ಗಾಜಿನಂತೆ ಹೊಳೆಯುತ್ತಿದ್ದರೆ, ಸುತ್ತ ಕಪ್ಪು ಪುಡಿ ಬಿದ್ದಿದ್ದರೆ, ಅಗಲ ಸವೆದಿದ್ದರೆ ಹೊಸದು ಹಾಕಿ. ತಟ್ಟೆಗಳನ್ನು ಒಣ ಬಟ್ಟೆಯಿಂದ ಒರೆಸಿ. ಎಣ್ಣೆ, ಗ್ರೀಸು ಅಲ್ಲಿಗೆ ಸೋಕಲೇಬಾರದು.

ಇಂಜಿನ್ ದನಿ ತಗ್ಗಿ, ಉಸಿರುಗಟ್ಟಿದಂತೆ ಭಾರವಾಗಿ ಗುಂಯ್‌ಗುಡುತ್ತ, ಆದರೆ ಎಲ್ಲೂ ತಡವರಿಸದೆ ಏರುತ್ತಿದ್ದರೆ, ಅದು ತಪ್ಪು ಗೇರಿನಲ್ಲಿದೆ. ಆಕ್ಸಲ್ ಬಳಿಯ ರಾಟೆಯಲ್ಲಿ ಒಂದು ಸ್ಪ್ರಿಂಗ್ ಇರುತ್ತದೆ. ದಿಬ್ಬ ಬಂದಾಗ ಬೆಲ್ಟನ್ನು ಮತ್ತೆ ಕೆಳಗಿನ ಗೇರಿಗೆ ತಳ್ಳುವುದು ಅದರ ಕೆಲಸ. ಇಪ್ಪತ್ತೈದು ವರ್ಷ ಒತ್ತಿಸಿಕೊಂಡ ಸ್ಪ್ರಿಂಗ್ ಸೋತಿರುತ್ತದೆ. ದೊಡ್ಡ ಟೈರು ಹಾಕಿದ ಗಾಡಿಗಳಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ, ಮತ್ತು ನಿಮ್ಮ ಗಾಡಿಯಲ್ಲೂ ಇದರ ಪಾಲು ಇದೆ ಎಂದು ನನ್ನ ಅಂದಾಜು. ಸ್ವಲ್ಪ ಬಿಗಿಯಾದ ಸ್ಪ್ರಿಂಗ್ ಹಾಕಿದರೆ ಇಂಜಿನ್ ತನ್ನ ಕಸುವಿರುವ ವೇಗದಲ್ಲಿಯೇ ತಿರುಗುತ್ತ ದಿಬ್ಬ ಏರುತ್ತದೆ. ಸಣ್ಣ ಖರ್ಚು, ಆದರೆ ಒತ್ತಡದಲ್ಲಿರುವ ಸ್ಪ್ರಿಂಗ್ ಮುಖಕ್ಕೆ ಚಿಮ್ಮಬಲ್ಲದು. ಸರಿಯಾದ ಒತ್ತು ಸಾಧನ ಇಲ್ಲದೆ ಮನೆಯಲ್ಲಿ ಬಿಚ್ಚಬೇಡಿ.

ದನಿ ತಡವರಿಸುತ್ತ, ಮಧ್ಯೆ ಮಧ್ಯೆ ಪಟ್ ಎಂದು ಸಿಡಿಯುತ್ತ, ಅರ್ಧ ಪೆಡಲಿನಲ್ಲಿ ಪೂರ್ತಿ ಪೆಡಲಿಗಿಂತ ಚೆನ್ನಾಗಿ ಎಳೆಯುತ್ತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಮೂರು ತಿಂಗಳು ನಿಂತ ಗಾಡಿಯಲ್ಲಿ ಇದು ತೀರ ಸಾಮಾನ್ಯ. ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ 10 ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ನೀರು ಹೆಚ್ಚಾದಾಗ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಆರಿ ಉಳಿದ ಪೆಟ್ರೋಲ್ ಕಾರ್ಬ್ಯುರೇಟರಿನ ಜೆಟ್‌ಗಳಲ್ಲಿ ಅಂಟಿನಂತೆ ಗಟ್ಟಿಯಾಗುತ್ತದೆ. (ಭಾರತದಲ್ಲಿ ಈಗ ಶೇ 20 ಎಥನಾಲ್ ಬಂದಿರುವುದರಿಂದ ಹಳೆಯ ಕಾರ್ಬ್ಯುರೇಟರ್ ಸ್ಕೂಟರನ್ನು ತಿಂಗಳುಗಟ್ಟಲೆ ನಿಲ್ಲಿಸುವವರಿಗೂ ಈ ಮಾತು ಅನ್ವಯಿಸುತ್ತದೆ.) ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆದು, ಫಿಲ್ಟರ್ ಬದಲಿಸಿ, ಕಾರ್ಬ್ಯುರೇಟರ್ ಬಿಚ್ಚಿ ಮುಖ್ಯ ಜೆಟ್ಟಿನ ರಂಧ್ರವನ್ನು ಬೆಳಕಿಗೆ ಹಿಡಿದು ನೋಡಿ. ಸೂಜಿ, ತಂತಿ ಹಾಕಿ ಕೆರೆಯಬೇಡಿ. ಕೂದಲೆಳೆಯಷ್ಟು ದೊಡ್ಡದಾದರೂ ಅಳತೆ ಕೆಡುತ್ತದೆ. ಶುಚಿ ಮಾಡುವ ದ್ರವ ಮತ್ತು ಗಾಳಿಯ ಒತ್ತಡ ಸಾಕು.

ಈ ಗಾಡಿಯ ಪೆಟ್ರೋಲ್ ಪಂಪ್ ವಿದ್ಯುತ್ತಿನಿಂದ ಓಡುವುದಿಲ್ಲ, ಇಂಜಿನ್ನಿನ ಒಳಗಿನ ಗಾಳಿಯ ಮಿಡಿತದಿಂದ ಓಡುತ್ತದೆ. ಆ ಮಿಡಿತ ತರುವ ತೆಳ್ಳನೆಯ ರಬ್ಬರ್ ಕೊಳವೆ ಬಿರಿದಿದ್ದರೆ ಸಪಾಟಿನಲ್ಲಿ ಸಾಕಾಗುವಷ್ಟು ಪೆಟ್ರೋಲ್ ಬರುತ್ತದೆ, ದಿಬ್ಬದಲ್ಲಿ ಸಾಲುವುದಿಲ್ಲ. ನಿಮ್ಮ ವಿವರಣೆಗೆ ಸರಿಯಾಗಿ ಹೊಂದುವ ದೋಷ ಇದು, ಕೊಳವೆಯನ್ನು ಬಗ್ಗಿಸಿ ನೋಡಲು ಮರೆಯಬೇಡಿ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದ್ದರೂ ಹೀಗೆಯೇ ಆಗುತ್ತದೆ: ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಸೊರಗಿದರೆ, ಮುಚ್ಚಳವನ್ನು ಒಮ್ಮೆ ತೆರೆದು ಮುಚ್ಚಿ ನೋಡಿ. ಒಡನೆ ಚೇತರಿಸಿಕೊಂಡರೆ ತಪ್ಪು ಮುಚ್ಚಳದ್ದು.

ಬ್ರೇಕನ್ನು ಯಾರೂ ನೋಡುವುದಿಲ್ಲ. ಹಳೆಯ ಗಾಡಿಗಳ ಕೇಬಲ್ ತುಕ್ಕು ಹಿಡಿದು ಬ್ರೇಕ್ ಪೂರ್ತಿ ಬಿಡುವುದಿಲ್ಲ. ಇಂಜಿನ್ ದಿನವಿಡೀ ಬ್ರೇಕ್ ಹಿಡಿದ ಗಾಡಿಯನ್ನು ಎಳೆಯುತ್ತಿರುತ್ತದೆ. ಹೊಸ ಇಂಜಿನ್ ಹಾಕಿಸಿಕೊಂಡ ಮೇಲೂ ಎಳೆಯುವುದಿಲ್ಲ ಎಂದು ನನ್ನ ಬಳಿಗೆ ಬಂದ ಒಬ್ಬ ವೃದ್ಧ ದಂಪತಿಯ ಗಾಡಿಯಲ್ಲಿ ಇದ್ದದ್ದು ಇಷ್ಟೇ. ಅವರ ಹಳೆಯ ಇಂಜಿನ್ನಿನಲ್ಲಿ ದೋಷವೇ ಇರಲಿಲ್ಲ ಎಂಬುದನ್ನು ಅವರಿಗೆ ಹೇಳುವಾಗ ನನಗೆ ಬಹಳ ಸಂಕಟವಾಯಿತು. ಸಪಾಟು ನೆಲದಲ್ಲಿ, ಇಂಜಿನ್ ಆಫ್ ಮಾಡಿ, ಒಬ್ಬರೇ ತಳ್ಳಿ ನೋಡಿ. ಉರುಳಬೇಕು. ಅಥವಾ ಒಂದು ಸುತ್ತು ಓಡಿಸಿ ಬಂದು ಹಿಂದಿನ ಡ್ರಮ್ಮುಗಳ ಹತ್ತಿರ ಕೈ ಒಯ್ಯಿರಿ, ಮುಟ್ಟಬೇಡಿ; ಒಂದು ಬದಿ ಕಾದಿದ್ದರೆ ತಿಳಿಯುತ್ತದೆ.

ಇನ್ನೆರಡು ಸಂಗತಿಗಳನ್ನೂ ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜಗಳು ಬೇಸಿಗೆಯಲ್ಲಿ ಸೈಲೆನ್ಸರ್ ಕೊಳವೆಯೊಳಗೆ ಗೂಡು ಮಾಡುತ್ತವೆ. ಚಳಿಗಾಲದಲ್ಲಿ ಇಲಿಗಳು ಗಾಳಿ ಫಿಲ್ಟರಿನ ಪೆಟ್ಟಿಗೆಯಲ್ಲಿ ಹತ್ತಿ, ಒಣ ಎಲೆ ತುಂಬುತ್ತವೆ. ಉಸಿರು ಬಿಡಲು, ಎಳೆದುಕೊಳ್ಳಲು ಆಗದ ಇಂಜಿನ್ ಎಲ್ಲಿಂದ ಶಕ್ತಿ ಕೊಡಬೇಕು? ಎರಡನ್ನೂ ಬಿಚ್ಚಿ ನೋಡಲು ಅರ್ಧ ಗಂಟೆ ಸಾಕು.

ಇಷ್ಟೆಲ್ಲ ಸರಿಯಿದ್ದೂ ಎಳೆಯದಿದ್ದರೆ ಆಗ ಇಂಜಿನ್ನಿನ ಒಳಗೆ ನೋಡಬೇಕು. ಮೊದಲು ಟ್ಯಾಪೆಟ್. ಇಂಜಿನ್ ಪೂರ್ತಿ ತಣ್ಣಗಿರುವಾಗ ಕವಾಟದ ಸಂದು ಸುಮಾರು 0.10 ಮಿ.ಮೀ. ಇರಬೇಕು, ನಿಮ್ಮ ಮಾದರಿಯ ಕೈಪಿಡಿಯಲ್ಲಿ ಖಚಿತ ಅಂಕಿ ಇರುತ್ತದೆ. ಕವಾಟ ಸವೆದು ಒಳಗೆ ಕುಳಿತಂತೆ ಈ ಸಂದು ಕಡಿಮೆಯಾಗುತ್ತದೆ, ಕೊನೆಗೆ ಕವಾಟ ಮುಚ್ಚುವುದೇ ಇಲ್ಲ. ಸರಿಪಡಿಸಲು ಸಂದು ಅಳೆಯುವ ಒಂದು ಫೀಲರ್ ಗೇಜು, ಒಂದು ಸ್ಪ್ಯಾನರು, ಒಂದು ಗಂಟೆ. ಇದನ್ನು ನೋಡದೆ ಇಂಜಿನ್ ಬದಲಿಸಿ ಎನ್ನುವವರ ಮಾತನ್ನು ಒಪ್ಪಬೇಡಿ.

ನಿಮ್ಮ ಮೆಕ್ಯಾನಿಕ್ ಯಾವ ಆಧಾರದ ಮೇಲೆ ಇಂಜಿನ್ ಮುಗಿದಿದೆ ಎಂದರು ಎಂದು ನೀವು ಬರೆದಿಲ್ಲ. ಸಿಲಿಂಡರಿನ ಒತ್ತಡ ಅಳೆಯುವ ಸಾಮಾನ್ಯ ಕಂಪ್ರೆಷನ್ ಗೇಜು ಹಾಕಿ ಅಂಕಿ ಕಡಿಮೆ ಬಂದದ್ದನ್ನು ತೋರಿಸಿದ್ದರೆ, ಅದು ಸಾಕ್ಷಿಯಾಗುವುದಿಲ್ಲ. ಈ ಇಂಜಿನ್ನಿನಲ್ಲಿ ಸ್ಟಾರ್ಟ್ ಮಾಡುವಾಗ ಭಾರ ಕಡಿಮೆಯಾಗಲಿ ಎಂದು ಕವಾಟವನ್ನು ತುಸು ತೆರೆದಿಡುವ ಏರ್ಪಾಡು ಇದೆ. ಹೀಗಾಗಿ ಆರೋಗ್ಯವಂತ ಇಂಜಿನ್ ಕೂಡ ಗೇಜಿನಲ್ಲಿ ಕಡಿಮೆ ತೋರಿಸುತ್ತದೆ. ಸರಿಯಾದ ಪರೀಕ್ಷೆ ಸೋರಿಕೆ ಪರೀಕ್ಷೆ: ಎರಡೂ ಕವಾಟ ಮುಚ್ಚಿರುವಾಗ ಪಿಸ್ಟನ್ನನ್ನು ಮೇಲಿನ ತುದಿಯಲ್ಲಿ ನಿಲ್ಲಿಸಿ, ಪ್ಲಗ್ಗಿನ ರಂಧ್ರದಿಂದ ಗಾಳಿ ತುಂಬಿ, ಎಲ್ಲಿಂದ ಸೋರುತ್ತದೆ ಎಂದು ಕೇಳುವುದು. ಸೈಲೆನ್ಸರಿನಲ್ಲಿ ಸುಯ್ ಎಂದರೆ ಹೊಗೆ ಕವಾಟ. ಕಾರ್ಬ್ಯುರೇಟರಿನಲ್ಲಿ ಎಂದರೆ ಒಳಬಾಗಿಲ ಕವಾಟ. ಎಣ್ಣೆ ಅಳೆಯುವ ಕಡ್ಡಿಯ ರಂಧ್ರದಲ್ಲಿ ಎಂದರೆ ರಿಂಗು, ಪಿಸ್ಟನ್. ಮೊದಲೆರಡಕ್ಕೆ ಕವಾಟ ಉಜ್ಜಿ ಕೂರಿಸಿದರೆ ಸಾಕಾಗುತ್ತದೆ. ಮೂರನೆಯದಾದರೆ, ಜೊತೆಗೆ ನೀಲಿ ಹೊಗೆಯೂ ಬರುತ್ತಿದ್ದರೆ, ಇಂಜಿನ್ ಬಿಚ್ಚುವ ಕಾಲ ಬಂದಿದೆ.

ಹಾಗೆ ಬಿಚ್ಚುವ ಪ್ರಸಂಗ ಬಂದರೆ ಮಾತ್ರ ದೊಡ್ಡ ಇಂಜಿನ್ನಿನ ಯೋಚನೆ ಮಾಡಿ. ಕವಾಸಾಕಿಯದೇ ಎಫ್‌ಇ 350 ಅದೇ ಕುಟುಂಬದ್ದು. 351 ಸಿಸಿ, ಸುಮಾರು 11 ಅಶ್ವಶಕ್ತಿ. ಕ್ಲಬ್ ಕಾರ್ ತನ್ನ ಸಾಮಾನು ಸಾಗಿಸುವ ಗಾಡಿಗಳಲ್ಲಿ ಅದನ್ನೇ ಬಳಸಿದ್ದರಿಂದ ಜಾಗಕ್ಕೆ ಕೂರಿಸುವುದು ಕಷ್ಟವಲ್ಲ. ಆದರೆ ಲೆಕ್ಕ ನೋಡಿ: 9ರಿಂದ 11ಕ್ಕೆ ಏರಿದರೆ ಶೇ 22ರ ಹೆಚ್ಚಳ. ನಿಮ್ಮ ಟೈರು 18ರಿಂದ 22ಕ್ಕೆ ಏರಿದ್ದೂ ಅಷ್ಟೇ. ಅಂದರೆ ಒಂದು ಇಡೀ ಇಂಜಿನ್ನಿನ ಹಣ ಕೊಟ್ಟು ನೀವು ತಲುಪುವುದು ಟೈರು ಬದಲಿಸುವ ಮೊದಲು ಇದ್ದ ಎಳೆತಕ್ಕೆ.

ಇದಕ್ಕೂ ಮೇಲೆ, 16ರಿಂದ 23 ಅಶ್ವಶಕ್ತಿಯ ಎರಡು ಸಿಲಿಂಡರಿನ ಇಂಜಿನ್ನುಗಳನ್ನು ಕೂರಿಸುವ ಕಿಟ್‌ಗಳೂ ಸಿಗುತ್ತವೆ. ಜಮೀನಿನಲ್ಲಿ ಭಾರ ಎಳೆಯುವವರಿಗೆ, ಬ್ರೇಕು, ಕ್ಲಚ್ಚು, ಆಕ್ಸಲ್ ಗೇರು ಎಲ್ಲವನ್ನೂ ಜೊತೆಗೆ ಬಲಪಡಿಸುವವರಿಗೆ ಅದು ಸರಿ. ಹದಿಹರೆಯದ ಹುಡುಗ ಶಾಲೆಗೆ ಓಡಿಸುವ ಗಾಡಿಗೆ ನಾನು ಅದನ್ನು ಹೇಳಲಾರೆ. 9 ಅಶ್ವಶಕ್ತಿಗೆಂದು ಮಾಡಿದ ಆಕ್ಸಲ್ ಗೇರು ಎರಡರಷ್ಟು ಬಲ ತಾಳುತ್ತದೆ ಎಂಬ ಭರವಸೆ ಇಲ್ಲ, ಬ್ರೇಕಂತೂ ಅದೇ ಎರಡು ಹಳೆಯ ಡ್ರಮ್ಮು.

ಮಧ್ಯದ ದಾರಿಯೊಂದಿದೆ. ಮಗನಿಗೆ ಎತ್ತರದ ಗಾಡಿಯ ನೋಟ ಬೇಕು ಎಂದರೆ, 20 ಇಂಚಿನ, ನಯವಾದ ಹಲ್ಲಿನ ರಸ್ತೆ ಟೈರು ಹಾಕಿ. 22ಕ್ಕೆ ಹೋಲಿಸಿದರೆ ನೆಲದ ಮೇಲಿನ ಎಳೆತ ಶೇ 10ರಷ್ಟು ಮರಳುತ್ತದೆ. ಜೊತೆಗೆ ಹೊಸ ಬೆಲ್ಟು, ಬಿಗಿಯಾದ ಸ್ಪ್ರಿಂಗ್, ಶುಚಿಯಾದ ಕಾರ್ಬ್ಯುರೇಟರ್, ಸರಿಪಡಿಸಿದ ಟ್ಯಾಪೆಟ್. ಲಿಫ್ಟ್ ಕಿಟ್ಟನ್ನು ಆರರಿಂದ ಮೂರು ಇಂಚಿಗೆ ಇಳಿಸಲು ಮಗ ಒಪ್ಪಿದರೆ ನನಗೆ ಇನ್ನೂ ನೆಮ್ಮದಿ. ಹಿಂದಿನ ಸೀಟಿಗೆ ಬೆಲ್ಟ್ ಹಾಕಿಸುವುದನ್ನು ಮಾತ್ರ ಅವನ ಒಪ್ಪಿಗೆಗೆ ಬಿಡಬೇಡಿ.

ಇದೆಲ್ಲಕ್ಕೂ ಮೊದಲು, ಕಾಸು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಕ್ಲಬ್ ಕಾರ್, ಇ-ಝಡ್-ಗೋ, ಯಮಾಹಾ, ಈ ಮೂರರ ಚಕ್ರಕ್ಕೂ ನಾಲ್ಕೇ ಬೋಲ್ಟು, ಅವುಗಳ ಅಂತರವೂ ಒಂದೇ. ಹಾಗಾಗಿ ನಿಮ್ಮ ಬೀದಿಯಲ್ಲಿ ಮಾರ್ಪಾಡು ಮಾಡದ ಕಾರ್ಟ್ ಯಾರ ಬಳಿ ಇದ್ದರೂ, ಅದರ 18 ಇಂಚಿನ ನಾಲ್ಕು ಚಕ್ರಗಳನ್ನು ಒಂದು ಸಂಜೆಗೆ ಕೇಳಿ ತನ್ನಿ. ಜ್ಯಾಕ್ ಹಾಕಿ, ಚಕ್ರಕ್ಕೆ ಅಡ್ಡಗಲ್ಲು ಇಟ್ಟು, ನಾಲ್ಕನ್ನೂ ಬದಲಿಸಿ, ನಟ್ಟುಗಳನ್ನು ಎರಡೆರಡು ಬಾರಿ ಬಿಗಿ ಮಾಡಿ. ಅದೇ ನಾಲ್ವರನ್ನು ಕೂರಿಸಿಕೊಂಡು ಅದೇ ಸುರಂಗ ದಾಟಿ ಮೇಲೇರಿ. ಎಂಟು ಮೈಲಿಗಿಂತ ಹೆಚ್ಚಿನ ವೇಗದಲ್ಲಿ ಏರಿತು ಎಂದರೆ ಟೈರು ಮತ್ತು ಸ್ಪ್ರಿಂಗ್ ವಿಷಯ ಮಾತ್ರ ನೋಡಿಕೊಳ್ಳಿ. ಆಗಲೂ ನಡಿಗೆಯ ವೇಗಕ್ಕೆ ಇಳಿದರೆ ಪೆಟ್ರೋಲ್, ಬ್ರೇಕ್, ಟ್ಯಾಪೆಟ್, ಈ ಕ್ರಮದಲ್ಲಿ ಹುಡುಕಿ. ದಿಬ್ಬದಲ್ಲಿ ಇಂಜಿನ್ ಯಾವ ದನಿ ಮಾಡಿತು ಎಂಬುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಳುಹಿಸಿದರೆ ಮುಂದಿನದನ್ನು ಅದನ್ನು ಕೇಳಿ ಹೇಳುತ್ತೇನೆ.